ಸಿಂಬಿಯ ಮೇಲೆ ಮೂರು ದೀಪ

ಬೂದಿಗುಂದಿಯ ಫಕೀರವ್ವ ನಿದ್ದೆ ಮಾಡುತ್ತ ವಿಮಾನ ಹಾರಿಸುತ್ತಾಳೆ ಎಂಬ ಸುದ್ದಿ ಗದಗಿನಿಂದ ಎರಡು ಗಂಟೆಯ ಬಸ್ಸಿಗೇ ಹೊರಟು ಅವಳಿಗಿಂತ ಮೊದಲು ಊರು ಮುಟ್ಟಿತ್ತು. ಅವಳು ಮೂರೂವರೆಯ ಬಸ್ಸಿಗೆ ಬಂದು ಇಳಿದಾಗ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನಬೇ ಫಕೀರವ್ವ, ಬಸ್ಸಿನ್ಯಾಗರ ಎಚ್ಚರ ಇದ್ಯೋ ಇಲ್ಲೋ?" ಎಂದು ಗಿರಣಿಯ ಈರಪ್ಪ ಕೇಳಿದ.

"ನನ್ನ ಎಚ್ಚರದ ಚಿಂತಿ ನಿನಗ ಬ್ಯಾಡಪಾ. ನಿನ್ನ ತಕ್ಕಡಿ ಎಚ್ಚರ ಇರಲಿ" ಎಂದು ಅವಳು ನಿಲ್ಲದೆ ನಡೆದಳು. ಕಟ್ಟೆಯ ಮೇಲಿನವರು ಈರಪ್ಪನ ಕಡೆ ತಿರುಗಿ ನಕ್ಕರು. ಅವಳು ಮಾತ್ರ ನಗಲಿಲ್ಲ. ಮಡಿಕೆಯಾದ ಕಾಗದವೊಂದು ಅವಳ ಕುಪ್ಪಸದೊಳಗೆ ಬೆವರಿಗೆ ಒದ್ದೆಯಾಗುತ್ತಿತ್ತು.

ಆಳಿಲ್ಲದ ಸಾಗಣೆ ವಿಮಾನಗಳು ಆ ಸೀಮೆಯ ಮೇಲೆ ಹಾರತೊಡಗಿ ಆಗ ನಾಲ್ಕು ವರ್ಷವಾಗಿತ್ತು. ಚಕ್ಕಡಿಗಿಂತ ತುಸು ದೊಡ್ಡವು. ರಕ್ತದ ಬಾಟಲಿ, ಲಸಿಕೆ, ಬಿತ್ತನೆಯ ಬೀಜ, ಪಂಪಿನ ಬಿಡಿಭಾಗ ಇಂಥವನ್ನು ಹೊತ್ತು ಊರಿಂದೂರಿಗೆ ಹೋಗುತ್ತಿದ್ದವು. ಒಳಗೆ ಯಾರೂ ಇರುತ್ತಿರಲಿಲ್ಲ ಎಂದರೆ ಅವನ್ನು ಯಾರೂ ಹಾರಿಸುತ್ತಿರಲಿಲ್ಲ ಎಂದಲ್ಲ. ಹಾರಿಸುವವರು ತಮ್ಮ ತಮ್ಮ ಮನೆಯಲ್ಲಿ ಕುಳಿತಿರುತ್ತಿದ್ದರು. ಮೊದಲು ಮನೆಯ ಸಿಮ್ಯುಲೇಟರಿನಲ್ಲಿ ಸುಳ್ಳು ವಿಮಾನ ಹಾರಿಸಿ ಕಲಿಯಬೇಕು. ಆಮೇಲೆ ಗದಗಿನಲ್ಲಿರುವ ವಾಯುಸಾಗಣೆ ಮಂಡಳಿಯ ಠಾಣೆಗೆ ಹೋಗಿ ಪರೀಕ್ಷೆ ಕೊಡಬೇಕು. ಪಾಸಾದರೆ ಅದೇ ಮೇಜು, ಅದೇ ಪರದೆಗೆ ನಿಜವಾದ ವಿಮಾನದ ತಂತು ಕೂಡಿಸುತ್ತಿದ್ದರು. ಅಲ್ಲಿಂದಾಚೆ ಪರದೆಯಲ್ಲಿ ಬಿದ್ದದ್ದು ಹೊಲದಲ್ಲೂ ಬಿದ್ದಂತೆಯೇ.

ಬೂದಿಗುಂದಿಯ ಮಹಿಳಾ ಸಂಘಕ್ಕೆ ಮಂಡಳಿಯವರು ಒಂದು ಹಳೆಯ ಸಿಮ್ಯುಲೇಟರ್ ಕೊಟ್ಟಿದ್ದರು. ಯಾರೂ ಮುಂದೆ ಬರದಿದ್ದಾಗ ಫಕೀರವ್ವ ತನ್ನ ಪಡಸಾಲೆಯಲ್ಲಿ ಜಾಗ ಕೊಟ್ಟಳು. ಒಂದು ಪರದೆ, ಕೈಗೊಂದು ಹಿಡಿಕೆ, ಕಾಲಿಗೆರಡು ಪೆಡಲು. ಹಿಡಿಕೆಗೆ ಅವಳು ಇಟ್ಟ ಹೆಸರು ಮೇಣಿ, ನೇಗಿಲ ಹಿಡಿಯ ಹೆಸರು. ಕೂರಿಗೆ ಹಿಡಿದ ಕೈಗೆ ಅದು ಹೊಸದೇನೂ ಅನ್ನಿಸಲಿಲ್ಲ. ಹೊಸದು ಅನ್ನಿಸಿದ್ದು ತಲೆಗೆ ಹಾಕುವ ಸಾಧನ. ಟೊಪ್ಪಿಗೆಗೆ ಸಿಕ್ಕಿಸುವ ಒಂದು ಕಡ್ಡಿ, ಅದರಲ್ಲಿ ಮೂರು ಪುಟ್ಟ ದೀಪ. ಟಿವಿ ರಿಮೋಟಿನ ತುದಿಯಲ್ಲಿ ಇರುವಂಥ ದೀಪ, ಅದರ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಪರದೆಯ ನೆತ್ತಿಯ ಮೇಲೆ ಕೂರಿಸಿದ ಕ್ಯಾಮೆರಾಕ್ಕೆ ಮಾತ್ರ ಕಾಣುತ್ತದೆ. ಮೂರು ಚುಕ್ಕೆಗಳು ಹೇಗೆ ಸರಿದವು, ಎಷ್ಟು ಹತ್ತಿರವಾದವು ಎಂಬುದನ್ನು ನೋಡಿ ಯಂತ್ರ ತಲೆ ಯಾವ ಕಡೆ ಎಷ್ಟು ತಿರುಗಿತು ಎಂದು ಲೆಕ್ಕ ಹಾಕುತ್ತದೆ. ತಲೆ ಬೆರಳಗಲ ತಿರುಗಿದರೆ ಪರದೆಯ ಆಕಾಶ ಮಾರುದ್ದ ತಿರುಗುತ್ತದೆ. ಹಾಗಾಗಿ ಎದುರಿಗೇ ಕುಳಿತು ಎಡರೆಕ್ಕೆಯನ್ನೂ ನೋಡಬಹುದು, ಬಲಕ್ಕೆ ಬರುವ ಗುಡ್ಡವನ್ನೂ ನೋಡಬಹುದು.

ಟೊಪ್ಪಿಗೆ ಅವಳ ತುರುಬಿನ ಮೇಲೆ ನಿಲ್ಲಲಿಲ್ಲ. ಎರಡು ಸಲ ಜಾರಿ ಬಿದ್ದ ಮೇಲೆ ಗಡಿಗೆ ಹೊರುವಾಗ ತಲೆಗೆ ಇಡುವ ಬಟ್ಟೆಯ ಸುರುಳಿ, ಆ ಹಳೆಯ ಸಿಂಬಿಯನ್ನೇ ತಂದು ಸೆರಗಿನ ಮೇಲೆ ಇಟ್ಟುಕೊಂಡು, ದೀಪದ ಕಡ್ಡಿಯನ್ನು ಅದಕ್ಕೆ ದಾರದಿಂದ ಬಿಗಿದಳು. ಇನ್ನು ಅದು ಅಲುಗುವ ಮಾತೇ ಇರಲಿಲ್ಲ.

ಯಾಕೆಂದರೆ ಆ ಸಿಂಬಿಯ ಮೇಲೆ ಅವಳು ಇಪ್ಪತ್ತೆರಡು ವರ್ಷ ಮೊಸರಿನ ಗಡಿಗೆ ಹೊತ್ತು ಮುಂಡರಗಿಯ ದಾರಿ ತುಳಿದಿದ್ದಳು. ಹೋಗುತ್ತ ಎರಡು ಹರದಾರಿ, ಬರುತ್ತ ಎರಡು ಹರದಾರಿ. ಗಡಿಗೆ ಹೊತ್ತವರು ದಾರಿ ನೋಡುತ್ತಾರೆ, ಕಾಲ ಕೆಳಗಿನ ಕಲ್ಲು ನೋಡುತ್ತಾರೆ, ಎದುರಿಗೆ ಬರುವ ಎಮ್ಮೆ ನೋಡುತ್ತಾರೆ. ಮೇಲೆ ಮಾತ್ರ ನೋಡುವುದಿಲ್ಲ. ಕತ್ತೆತ್ತಿದರೆ ಮೊಸರು ಬೆನ್ನ ಮೇಲೆ. ಅಷ್ಟು ವರ್ಷ ನೆತ್ತಿಯ ಮೇಲೇ ಇದ್ದ ಆಕಾಶವನ್ನು ಅವಳು ದಾರಿಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ಪ್ಯಾಕೆಟ್ಟಿನ ಮೊಸರು ಬಂದು ಗಡಿಗೆ ಮೂಲೆಗೆ ಸೇರಿದ ಮೇಲೂ ಕುತ್ತಿಗೆ ಮಾತ್ರ ಹಾಗೇ ನಿಂತುಬಿಟ್ಟಿತ್ತು. ಮೊದಲ ದಿನ ಪರದೆಯಲ್ಲಿ ವಿಮಾನ ನೆಲ ಬಿಟ್ಟೆದ್ದು, ಕಪ್ಪತಗುಡ್ಡ ಮಲಗಿದ ಎತ್ತಿನ ಬೆನ್ನಿನಂತೆ ಕೆಳಗೆ ಸರಿದಾಗ, ಅವಳು ಮೇಣಿ ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ವಿಮಾನ ಬಿತ್ತು. ಎಬ್ಬಿಸಿದಳು. ಏಳು ತಿಂಗಳು ಹಾಗೆ ಬಿದ್ದು ಎದ್ದು, ಕೊನೆಗೆ ಗುಡ್ಡದ ಮೇಲಿನ ಗಾಳಿಯಂತ್ರಗಳ ಸಾಲಿನ ನಡುವೆ ಹಗ್ಗದ ಮೇಲೆ ನಡೆದಂತೆ ವಿಮಾನ ದಾಟಿಸುವುದನ್ನು ಕಲಿತಳು.

ಅಂಥವಳ ಕುಪ್ಪಸದೊಳಗಿನ ಕಾಗದದಲ್ಲಿ ಹೀಗೆ ಅಚ್ಚಾಗಿತ್ತು: ಹಾರಾಟದ ಅಂಕ ತೊಂಬತ್ತಾರು. ನಿಗಾ ಅಂಕ ಮೂರು. ಚಾಲಕಿ ಪರೀಕ್ಷೆಯ ಬಹುಪಾಲು ನಿದ್ರೆಯಲ್ಲಿದ್ದರು. ನಪಾಸು.

ಗಂಡ ಮುದಕಪ್ಪ ಗುಡ್ಡದ ಗಾಳಿಯಂತ್ರಗಳ ಕಾವಲುಗಾರ. ಕೆಲಸ ಮುಗಿಸಿ ಬಂದವನೇ ಕಾಗದವನ್ನು ಎರಡು ಸಲ ಓದಿದ.

"ನಿದ್ದಿಗಣ್ಣಾಗ ತೊಂಬತ್ತಾರು ತಗೊಂಡೀ. ಎಚ್ಚರ ಇದ್ದಿದ್ರ ಏನ್ ಕತಿಬೇ?"

"ಹಲ್ಲ ಕಿಸೀಬ್ಯಾಡ್ರಿ. ಆ ಠಾಣ್ಯಾಗಿನ ಪರದೆ ನನ್ನ ಮಾತು ಕೇಳವಲ್ದು. ನಮ್ಮನಿಯಾಗ ನಾ ಎಡಕ್ಕ ತಿರುಗಿದ್ರ ಎಡಕ್ಕ ನಿಂದರತೈತಿ. ಅಲ್ಲಿ ತಿರುಗಿಸಿದ್ರ ಸೊಲ್ಪ ಹೊತ್ತು ತೋರಿಸಿ, ತಾನ ಹೊಳ್ಳಿ ಮುಂದ ಬಂದು ಕುಂದರತೈತಿ. ಕಣ್ಣಿ ಹರಕೊಂಡ ಕರಾ ಹೊಳ್ಳಿ ಗ್ವಾದಲಿಗೆ ಬಂದಂಗ. ಗಾಳಿ ಇರಲಿಲ್ಲ, ನೆಟ್ಟಗ ನೋಡಿಕೋತ ಇಳಿಸಿ ಬಂದೆ."

"ಸಾಹೇಬರಿಗೆ ಹೇಳಬೇಕಿಲ್ಲ?"

"ಹೇಳಿದೆ. ಯಂತ್ರ ಸುಳ್ಳು ಹೇಳಂಗಿಲ್ಲ ಅಂದ್ರು. ಹಂಗಾರ ಇಳಿಸಿದ್ದು ಯಾರ್ರಿ ಅಂತ ಕೇಳಿದೆ. ಮುಂದಿನವರನ್ನ ಕರೀರಿ ಅಂದ್ರು."

ಮೂರೇ ಸಲ ಅವಕಾಶ. ಮೂರನೆಯದರಲ್ಲೂ ನಪಾಸಾದರೆ ಹೆಸರು ಕಾಯಂ ಹೊಡೆದುಹಾಕುತ್ತಾರೆ. ಮನೆಗೆ ಕೊಟ್ಟ ಸಿಮ್ಯುಲೇಟರನ್ನೂ ಬಂದು ಬಿಚ್ಚಿಕೊಂಡು ಹೋಗುತ್ತಾರೆ. ಆಮೇಲೆ ಆಕಾಶ ಮತ್ತೆ ನೆತ್ತಿಯ ಮೇಲಕ್ಕೆ ಹೋಗಿಬಿಡುತ್ತದೆ.

ಎರಡನೆಯ ಸಲ ಹೋದಾಗ ಠಾಣೆಯ ಹೊರಗಿನ ಬೆಂಚಿನ ಮೇಲೆ ಲಾಲಬಿ ಸಿಕ್ಕಳು. ಪಕ್ಕದ ಊರಿನ ಇಟ್ಟಿಗೆ ಭಟ್ಟಿಯಲ್ಲಿ ಹದಿನೆಂಟು ವರ್ಷ ತಲೆಯ ಮೇಲೆ ಹಸಿ ಇಟ್ಟಿಗೆ ಹೊತ್ತ ಹೆಂಗಸು. ಆಗತಾನೇ ಒಳಗಿನಿಂದ ಬಂದಿದ್ದಳು. ಅವಳದು ಮೂರನೆಯ ಸಲ.

"ನಂದು ಮುಗೀತ ಯವ್ವಾ" ಎಂದು ಕಾಗದ ತೋರಿಸಿದಳು. "ಮೂರೂ ಸಲ ಮಲಗಿದ್ನಂತ ನಾ. ಭಟ್ಟಿ ಮುಂದ ಒಂದಿನಾನೂ ರೆಪ್ಪಿ ಕೂಡಿಸಿದಾಕಿ ಅಲ್ಲ. ಕೂಡಿಸಿದ್ರ ಇಟಗಿ ಕಾಲ ಮ್ಯಾಲ ಬೀಳ್ತಿದ್ವು."

ಬೆಂಚಿನ ಆ ತುದಿಯಲ್ಲಿದ್ದ, ಪಟ್ಟಣದ ಉಡುಪಿನ ಹುಡುಗಿಯೊಬ್ಬಳು ಕರುಣೆಯಿಂದ ಉಪಾಯ ಹೇಳಿಕೊಟ್ಟಳು. "ಆಂಟೀ, ಸುಮ್ನ ತಲಿ ಆಡಸ್ಕೋತ ಇರ್ರಿ. ಏನೂ ನೋಡೋದಿರದಿದ್ರೂ ಪಟ್ಟನೆ ಈ ಕಡೆ, ಪಟ್ಟನೆ ಆ ಕಡೆ. ನಾವೆಲ್ಲಾ ಹಂಗ ಮಾಡೋದು."

ಫಕೀರವ್ವ ಹಾಗೇ ಮಾಡಿದಳು. ದೇವಿ ಮೈಮೇಲೆ ಬಂದವಳಂತೆ ತಲೆ ಆಡಿಸಿದಳು. ಪರದೆಯ ಆಕಾಶ, ನೆಲ, ಗುಡ್ಡ ಎಲ್ಲ ಒಂದೇ ಒರಳಿಗೆ ಬಿದ್ದಂತೆ ತಿರುಗಿದವು. ಬಾಯಿಗೆ ಹುಳಿನೀರು ಬಂತು. ಇಷ್ಟು ವರ್ಷ ಅಲುಗದ ಕತ್ತಿನ ನರ ಚುಳುಕ್ ಎಂದಿತು. ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಗಾಳಿಯಂತ್ರದ ರೆಕ್ಕೆಯೊಂದು ಪರದೆ ತುಂಬ ನಿಂತಿತ್ತು. ಈ ಸಲದ ಕಾಗದದಲ್ಲಿ ನಿಗಾ ಅಂಕ ಎಪ್ಪತ್ತೊಂದು ಎಂದಿತ್ತು. ಹಾರಾಟದ ಅಂಕ ಇಪ್ಪತ್ತೆರಡು.

ಅವಳು ಪರೀಕ್ಷಕ ಗುಡಗೇರಿಯವರ ಮೇಜಿನ ಮುಂದೆ ನಿಂತಳು. ಗುಡಗೇರಿ ಒಂದು ಕಾಲಕ್ಕೆ ನಿಜವಾದ ವಿಮಾನ ಹಾರಿಸಿದ್ದವರು. ಒಳ್ಳೆಯವರೇ, ಆದರೆ ನಿಯಮದ ಪುಸ್ತಕವನ್ನು ಕನ್ನಡಕದಂತೆ ಹಾಕಿಕೊಂಡೇ ಇರುತ್ತಿದ್ದವರು.

"ಸಾಹೇಬ್ರ, ವಿಮಾನ ನೆಟ್ಟಗ ಇಳಿಸಿದಾಗ ಮಲಗಿದ್ದೆ ಅಂದ್ರಿ. ಹೋಗಿ ಗುದ್ದಿದಾಗ ಎಚ್ಚರ ಇದ್ದೆ ಅಂತೀರಿ. ನಿಮಗ ಯಾವ ಚಾಲಕಿ ಬೇಕು, ಒಂದ ಸಲ ಹೇಳಿಬಿಡ್ರಿ."

"ಎರಡೂ ಅಂಕ ಅರವತ್ತರ ಮ್ಯಾಲ ಬರಬೇಕು ತಾಯಿ. ನಿಯಮ ಅಷ್ಟ."

"ಇನ್ನ ಮ್ಯಾಲ ನಾ ಸುಳ್ಳಸುಳ್ಳ ತಲಿ ಆಡಸಂಗಿಲ್ರಿ. ಅದನ್ನೂ ಬರಕೊಂಡುಬಿಡ್ರಿ."

ಗುಡಗೇರಿ ಬರೆದುಕೊಳ್ಳಲಿಲ್ಲ. ಆದರೆ ಪಕ್ಕದ ಮೇಜಿನಲ್ಲಿ ಕುಳಿತು ಯಂತ್ರಗಳ ಉಸ್ತುವಾರಿ ನೋಡುತ್ತಿದ್ದ ಶೈಲಜಾ ಹಾದಿಮನಿ ಎಂಬ ಇಂಜಿನಿಯರ್ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

ಹತ್ತು ದಿನದ ನಂತರ ಒಂದು ಮುಂಜಾನೆ ಆಕೆ ಬೆನ್ನಿಗೆ ಚೀಲ ಹಾಕಿಕೊಂಡು ಬೂದಿಗುಂದಿಯಲ್ಲಿ ಇಳಿದಳು. ಫಕೀರವ್ವ ಅಂಗಳ ಸಾರಿಸಿ ಕೈ ತೊಳೆಯುತ್ತಿದ್ದಳು.

"ಬರ್ರಿ ಬಾಯಾರ. ಪೆಟ್ಟಿಗಿ ಬಿಚ್ಚಿಕೊಂಡ ಹೋಗಾಕ ಬಂದ್ರೇನು? ಇನ್ನಾ ಒಂದ ಸಲ ಐತಿ ನಂದು."

"ಬಿಚ್ಚಾಕ ಬಂದಿಲ್ಲ ಅಕ್ಕಾರ. ನೀವು ಹಾರಸೂದು ನೋಡಬೇಕಾಗಿತ್ತು. ಇಲ್ಲೇ, ನಿಮ್ಮ ಮನಿಯಾಗ."

ಚಹಾ ಆಯಿತು. ರೊಟ್ಟಿ ಬೇಡವೆಂದರೂ ರೊಟ್ಟಿ ಆಯಿತು. ಆಮೇಲೆ ಫಕೀರವ್ವ ಸಿಂಬಿ ಇಟ್ಟುಕೊಂಡು ಕುಳಿತು ಮುಂಡರಗಿಯ ಕಡೆಗೆ ವಿಮಾನ ಎಬ್ಬಿಸಿದಳು. ಶೈಲಜಾ ಪರದೆ ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದಳು. ತಲೆ ಗೋಡೆಗೆ ಹೊಡೆದ ಗೂಟದಂತೆ ನಿಂತಿತ್ತು. ಎಡಕ್ಕೆ ನೋಡಬೇಕಾದಾಗ ಮೊದಲು ಕಣ್ಣು ಸರಿಯುತ್ತಿತ್ತು. ಆಮೇಲೆ ಟೊಂಕದಿಂದ ಮೇಲಿನ ಇಡೀ ಮೈ, ಹೆಗಲು ಕುತ್ತಿಗೆ ತಲೆ ಎಲ್ಲ ಒಂದೇ ಕಂಬದಂತೆ, ಬಾವಿಯ ಗಾಲಿ ತಿರುಗುವ ನಿಧಾನದಲ್ಲಿ ತಿರುಗುತ್ತಿತ್ತು.

"ಕುತ್ತಿಗಿ ಯಾಕ ತಿರುಗಸಂಗಿಲ್ರಿ ನೀವು?"

ಫಕೀರವ್ವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ವಿಮಾನ ನಿಲ್ಲಿಸಿ, ಎದ್ದು ಒಳಗೆ ಹೋದಳು. ಮೂಲೆಯ ಹಳೆಯ ಗಡಿಗೆಗೆ ಕಂಠದವರೆಗೆ ನೀರು ತುಂಬಿ, ಸಿಂಬಿಯ ಮೇಲಿಟ್ಟುಕೊಂಡು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕುಳಿತಳು. ದೀಪದ ಕಡ್ಡಿ ಗಡಿಗೆಯ ಕೆಳಗಿನಿಂದ ಹಣೆಯ ಕಡೆಗೆ ಚಾಚಿಕೊಂಡಿತ್ತು. ಗಾಳಿಯಂತ್ರಗಳ ಸಾಲು ದಾಟಿಸಿದಳು, ತಿರುವಿದಳು, ಇಳಿಸಿದಳು. ನೀರು ತುಳುಕಲಿಲ್ಲ.

"ಹಿಂಗರೀ" ಎಂದು ಗಡಿಗೆ ಕೆಳಗಿಳಿಸಿದಳು. "ಈಗ ಗಡಿಗಿ ಇಲ್ಲ. ಆದ್ರ ಅದು ಇಳದಿಲ್ರಿ ಇನ್ನಾ."

ಶೈಲಜಾ ತನ್ನ ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. ಠಾಣೆಯ ಯಂತ್ರ ಬರೆದುಕೊಂಡಿದ್ದ ಗೆರೆಗಳನ್ನು ತೋರಿಸಿದಳು. ಬೇರೆಯವರ ತಲೆಯ ಗೆರೆ ಗರಗಸದ ಹಲ್ಲಿನಂತೆ ಏರುತ್ತಿತ್ತು, ಇಳಿಯುತ್ತಿತ್ತು. ಫಕೀರವ್ವನದು ಉದ್ದಕ್ಕೆ ಮಲಗಿದ ದಿಣ್ಣೆ. ಲಾಲಬಿಯದೂ ಹಾಗೇ.

"ಹೊಸ ಯಂತ್ರದಾಗ ಒಂದು ತಿದ್ದುಪಡಿ ಹಾಕ್ಯಾರ್ರಿ" ಎಂದು ಶೈಲಜಾ ವಿವರಿಸಿದಳು. "ತಾಸುಗಟ್ಟಲೆ ಕುಂತವರು ಕುರ್ಚಿಯೊಳಗ ನಿಧಾನಕ್ಕ ಜಾರ್ತಾರ. ಟೊಪ್ಪಿಗಿ ಸರೀತದ. ಅದಕ್ಕ ಯಂತ್ರ ಏನ್ ಮಾಡ್ತದಂದ್ರ, ಪಟ್ಟನೆ ತಿರುಗಿದ್ದು ನೋಟ, ನಿಧಾನಕ್ಕ ತಿರುಗಿದ್ದು ಜಾರಿದ್ದು ಅಂತ ತಿಳಕೊಂಡು, ಜಾರಿದ್ದನ್ನ ತಾನ ಸರಿಮಾಡಿ ಪರದೆ ಮುಂದಕ್ಕ ತರ್ತದ. ಇದನ್ನ ಮಾಡಿದವರು ಸಣ್ಣಂದಿನಿಂದ ಪರದೆ ಮುಂದ ಆಟ ಆಡಿದ ಮಂದಿ ಕುತ್ತಿಗಿ ನೋಡಿ ಲೆಕ್ಕಾ ಹಾಕ್ಯಾರ. ನೀವು ನೋಡೂದನ್ನ ಅದು ನೋಟ ಅನ್ನೂದೇ ಇಲ್ರಿ. ಕುರ್ಚಿ ಸರೀತು ಅಂತದ. ನಿಗಾ ಅಂಕ ಹಾಕೂದು ನೋಟ ಎಣಿಸಿ, ನೋಟ ಇಲ್ಲಂದ್ರ ಮಲಗ್ಯಾರ ಅಂತ ಬರೀತದ."

ಫಕೀರವ್ವ ಬಹಳ ಹೊತ್ತು ಆ ದಿಣ್ಣೆಯ ಗೆರೆ ನೋಡಿದಳು. ಅದರ ಮೇಲೆ ಬೆರಳಾಡಿಸಿದಳು.

"ಇದನ್ನ ತಗದುಬಿಡ್ರಿ ಮತ್ತ."

"ನನಗ ಅಧಿಕಾರ ಇಲ್ಲ ಅಕ್ಕಾರ. ಪರೀಕ್ಷಾ ಯಂತ್ರದ ಒಳಗಿಂದು ಬೀಗ ಹಾಕಿದ್ದು. ಗುಡಗೇರಿ ಸರ್ ಸಹಿ ಇಲ್ಲದ ಮುಟ್ಟಂಗಿಲ್ಲ. ಬರೆದು ಕೊಟ್ಟೀನಿ. ನಾಲ್ಕು ಮಂದಿ ಹಳ್ಳಿ ಹೆಂಗಸರ ಸಲುವಾಗಿ ಮಂಡಳಿ ಯಂತ್ರ ಬದಲಿ ಮಾಡ್ತದೇನು ಅಂದ್ರು." ಆಮೇಲೆ ಹೇಳಿದಳು: "ನಿಮ್ಮ ಕುತ್ತಿಗಿಗೆ ಎರಡು ತಿಂಗಳು ರೂಢಿ ಮಾಡಸಬಹುದು. ನಮ್ಮ ಕಡೆ ಒಬ್ಬ ಡಾಕ್ಟರ್ ಅದಾರ..."

"ನನ್ನ ಕುತ್ತಿಗಿಗೆ ಏನಾಗೇತ್ರಿ?"

ಶೈಲಜಾ ಲ್ಯಾಪ್‌ಟಾಪ್ ಮುಚ್ಚಿದಳು. ಹೋಗುವಾಗ ಪರೀಕ್ಷೆಯ ಯಂತ್ರದ ನಕಲನ್ನು ಮನೆಯ ಪೆಟ್ಟಿಗೆಗೆ ಹಾಕಿಕೊಟ್ಟಳು. ಅದರ ಚಾಳಿ ಗೊತ್ತಿದ್ದರೆ ಒಳ್ಳೆಯದು ಎಂದಳು. ಅಂಕಗಳೂ ಅದರಲ್ಲಿ ಕಾಣಿಸುತ್ತಿದ್ದವು.

ಫಕೀರವ್ವ ಅದರ ಚಾಳಿ ಕಲಿತಳು. ಪರದೆ ಜಾರುವುದರೊಳಗೆ ನೋಡಬೇಕಾದ್ದನ್ನು ನೋಡಿಬಿಡಬೇಕು. ಕಂಡದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟು, ಕಾಣದಿರುವಾಗಲೂ ಅದು ಅಲ್ಲೇ ಇದೆ ಎಂದು ನಡೆಸಬೇಕು. ಗಡಿಗೆ ಹೊತ್ತು ಹಳ್ಳ ದಾಟುವಾಗ ಕಾಲ ಕೆಳಗಿನ ಕಲ್ಲುಗಳನ್ನು ದಂಡೆಯ ಮೇಲೆಯೇ ನೋಡಿಟ್ಟುಕೊಳ್ಳುವಂತೆ. ಮೂರು ವಾರಕ್ಕೆ ಹಾರಾಟದ ಅಂಕ ತೊಂಬತ್ತು ದಾಟಿತು. ನಿಗಾ ಅಂಕ ಮಾತ್ರ ನಾಲ್ಕು, ಎರಡು, ಐದು. "ಚಾಲಕಿ ನಿದ್ರೆಯಲ್ಲಿದ್ದಾರೆ" ಎಂದು ಪರದೆ ಕೆಂಪು ಅಕ್ಷರದಲ್ಲಿ ಹೇಳುತ್ತಲೇ ಇತ್ತು.

ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ. ಸಿಂಬಿಯನ್ನು ಕಿತ್ತು ಮೇಜಿನ ಮೇಲೆ ಒಗೆದು, ಎಮ್ಮೆಗೆ ನೀರು ತೋರಿಸಲು ಹಿತ್ತಲಿಗೆ ಹೋದಳು. ಬರುವಷ್ಟರಲ್ಲಿ ಮುದಕಪ್ಪ ಪಡಸಾಲೆಯ ನಡುವೆ ಹೊಟ್ಟೆ ಹಿಡಿದುಕೊಂಡು ನಿಂತಿದ್ದ. ನಗುವಿಗೆ ಅವನ ಬಾಯಿಂದ ಮಾತು ಬರುತ್ತಿರಲಿಲ್ಲ. ಬೆರಳು ಮಾಡಿ ಮೇಜು ತೋರಿಸಿದ.

ಮನೆಯ ಹ್ಯಾಟಿ, ಕೆಂಚು ಬಣ್ಣದ ಹೆಣ್ಣುಕೋಳಿ, ಮೊಟ್ಟೆ ಇಡಲು ಜಾಗ ಹುಡುಕುತ್ತ ಮೇಜು ಹತ್ತಿತ್ತು. ಸಿಂಬಿ ಕಂಡು ಗೂಡೆಂದುಕೊಂಡಿತೋ ಏನೋ, ಮೂತಿ ತೂರಿಸಿದ್ದೇ ಸಿಂಬಿ ಕೊರಳಿಗೆ ಹಾರವಾಗಿ ಕೂತಿತ್ತು. ಎದೆಯ ಮೇಲೆ, ಕತ್ತು ಆಡಿದಂತೆಲ್ಲ ಆಡುವ ಮೂರು ದೀಪ. ಗಾಬರಿಯಾದ ಕೋಳಿ ಕತ್ತನ್ನು ಚಕ್ಕನೆ ಎಡಕ್ಕೆ, ಚಕ್ಕನೆ ಬಲಕ್ಕೆ, ಮೇಲಕ್ಕೆ, ಕೆಳಕ್ಕೆ ಕೊಂಕಿಸುತ್ತಿತ್ತು. ಪ್ರತಿ ಸಲವೂ ಪರದೆಯ ಆಕಾಶ ಅದರ ಮಾತು ಕೇಳಿ ಅತ್ತ ಇತ್ತ ಓಡುತ್ತಿತ್ತು. ಮೂಲೆಯಲ್ಲಿ ಹಸಿರು ಅಕ್ಷರ: ನಿಗಾ ಅಂಕ ತೊಂಬತ್ತೊಂದು. ಚಾಲಕರು ಅತ್ಯುತ್ತಮ ಎಚ್ಚರದಲ್ಲಿದ್ದಾರೆ.

"ನಿನಗಿಂತ... ನಿನಗಿಂತ ನಿನ್ನ ಹ್ಯಾಟಿ ಶ್ಯಾಣ್ಯಾ ಐತಿಬೇ!" ಎಂದ ಮುದಕಪ್ಪ, ಕಣ್ಣೀರು ಒರೆಸಿಕೊಳ್ಳುತ್ತ.

ಫಕೀರವ್ವ ನಗಲಿಲ್ಲ. ಸಿಂಬಿ ಬಿಡಿಸುವ ಮೊದಲು ಪರದೆಯ ಹಸಿರು ಅಕ್ಷರಗಳನ್ನು ಪೂರ್ತಿ ಓದಿದಳು.

"ನಕ್ಕು ಮುಗದಿದ್ರ ಆ ಮುಚ್ಚಳದ ಬುಟ್ಟಿ ಎಲ್ಲಿ ಐತಿ ನೋಡ್ರಿ" ಎಂದಳು. "ಗದಗಿಗೆ ಇಬ್ಬರು ಹೋಗೂದೈತಿ."

ಮೂರನೆಯ ಪರೀಕ್ಷೆಯ ದಿನ ಗಾಳಿ ಜೋರಾಗಿತ್ತು. ಠಾಣೆಯ ಒಳಗೆ ಗಾಳಿ ಎಲ್ಲಿಯದು ಎನ್ನಬಹುದು. ಆದರೆ ಪರೀಕ್ಷೆಯ ಆಕಾಶಕ್ಕೆ ಆ ದಿನದ ನಿಜವಾದ ಗಾಳಿಯನ್ನೇ ಬಿಡುತ್ತಿದ್ದರು. ಫಕೀರವ್ವ ಬುಟ್ಟಿಯನ್ನು ಕುರ್ಚಿಯ ಪಕ್ಕಕ್ಕೆ ಇಳಿಸಿ ಕುಳಿತಳು. ಲಾಲಬಿಯನ್ನೂ ಕರೆಸಿಕೊಂಡಿದ್ದಳು, ಅವಳು ಬಾಗಿಲ ಬಳಿ ನಿಂತಿದ್ದಳು. ಗುಡಗೇರಿ ಗಡಿಯಾರ ನೋಡಿ ಕೈ ಎತ್ತಿದರು.

ಗುಡ್ಡದ ಮೇಲೆ ಗಾಳಿ ವಿಮಾನವನ್ನು ಮೊರದಲ್ಲಿ ಕೇರಿದಂತೆ ಕೇರಿತು. ಅವಳು ಮೇಣಿಯನ್ನು ಬಿಗಿಹಿಡಿಯಲಿಲ್ಲ, ಹಿಡಿಯಬೇಕಾದಷ್ಟೇ ಹಿಡಿದಳು. ಬಲಕ್ಕೆ ಒಂದು ನಿಧಾನದ ತಿರುವು: ಗಾಳಿಯಂತ್ರ ಏಳು, ಅಂತರ ಇಷ್ಟು. ಪರದೆ ಜಾರಿತು. ಜಾರಲಿ. ಏಳೂ ಅವಳ ತಲೆಯಲ್ಲಿ ನಿಂತಿದ್ದವು. ಕೆಂಪು ಅಕ್ಷರ ಮಿಂಚತೊಡಗಿತು, ಅವಳು ಓದಲಿಲ್ಲ. ಇಳಿಯುವಾಗ ಅಡ್ಡಗಾಳಿ ಎಡರೆಕ್ಕೆ ಎತ್ತಿತು. ಅವಳು ಟೊಂಕ ತಗ್ಗಿಸಿದಳು, ವಿಮಾನವೂ ತಗ್ಗಿತು, ಮೊಣಕಾಲೂರಿ ಕುಳಿತುಕೊಳ್ಳುವ ಎತ್ತಿನಂತೆ ನೆಲ ಮುಟ್ಟಿತು.

ಯಂತ್ರ ಕಾಗದ ಉಗುಳಿತು. ಹಾರಾಟ ತೊಂಬತ್ತೇಳು. ನಿಗಾ ನಾಲ್ಕು. ಚಾಲಕಿ ನಿದ್ರೆಯಲ್ಲಿದ್ದರು. ನಪಾಸು.

ಗುಡಗೇರಿ ಕಾಗದವನ್ನು ಹಿಡಿದುಕೊಂಡೇ ನಿಂತರು. "ಇಂಥ ಗಾಳ್ಯಾಗ ನಾ ಸುದ್ದಾ ಹಿಂಗ ಇಳಸ್ತಿರಲಿಲ್ಲ ತಾಯಿ" ಎಂದರು ಮೆಲ್ಲಗೆ. "ಆದ್ರ..."

"ಅದಕ್ಕ ಏನೂ ಅನಬ್ಯಾಡ್ರಿ. ಇನ್ನೊಬ್ಬಾಕಿ ಬಂದಾಳ, ಆಕಿದೂ ಒಂದ ಸಲ ಪರೀಕ್ಷಾ ತಗೋರಿ." ಅವಳು ಬುಟ್ಟಿಯ ಮುಚ್ಚಳ ತೆಗೆದಳು.

ಹಾಲ್‌ನಲ್ಲಿ ಕುಳಿತಿದ್ದವರೆಲ್ಲ ಎದ್ದು ನಿಂತರು. ಯಾರೋ ಕಿಸಕ್ಕೆಂದರು. ಗುಡಗೇರಿಯವರ ಮುಖ ಕೆಂಪಾಯಿತು. "ಏನಿದು ಹುಡುಗಾಟಕಿ? ಇದೇನ್ ಸಂತಿ ಅನ್ಕೊಂಡೀರೇನು?"

"ಹುಡುಗಾಟಕಿ ಅಲ್ರಿ. ಯಂತ್ರ ಸುಳ್ಳು ಹೇಳಂಗಿಲ್ಲ ಅಂದೋರು ನೀವು. ಈಕಿ ಬಗ್ಗೆ ಏನ್ ಹೇಳತೈತಿ ಕೇಳೋಣು. ಮೂರು ಮಿನಿಟಿನ ಮಾತು."

ಕಾವಲಿನವನು ಮುಂದೆ ಬಂದ. ಅಷ್ಟರಲ್ಲಿ ಶೈಲಜಾ, ಯಾರ ಮುಖವನ್ನೂ ನೋಡದೆ, ಗುಂಡಿ ಒತ್ತಿದಳು. ಫಕೀರವ್ವ ಹ್ಯಾಟಿಯ ಕೊರಳಿಗೆ ಸಿಂಬಿ ಹಾಕಿ, ಎರಡೂ ಕೈಯಲ್ಲಿ ಅದರ ರೆಕ್ಕೆ ಹಿಡಿದು ಕ್ಯಾಮೆರಾದ ಮುಂದೆ ಕೂರಿಸಿದಳು. ಅಷ್ಟು ಮಂದಿಯನ್ನು ಕಂಡ ಹ್ಯಾಟಿ ಕತ್ತು ಚಾಚಿ ಒಬ್ಬೊಬ್ಬರನ್ನೂ ಪಟಪಟನೆ ನೋಡಿತು. ಪರದೆಯ ಆಕಾಶ ಕುಣಿಯಿತು. ಯಾರೂ ಹಿಡಿಯದ ವಿಮಾನ ತಲೆಕೆಳಗಾಗಿ ಹೋಗಿ ಜೋಳದ ಹೊಲದಲ್ಲಿ ಬಿತ್ತು. ಯಂತ್ರ ಎರಡನೆಯ ಕಾಗದ ಉಗುಳಿತು.

ಹಾರಾಟ ಸೊನ್ನೆ. ನಿಗಾ ತೊಂಬತ್ಮೂರು. ಚಾಲಕರು ಅತ್ಯುತ್ತಮ ಎಚ್ಚರದಲ್ಲಿದ್ದರು.

ಈ ಸಲ ಯಾರೂ ನಗಲಿಲ್ಲ. ಬೆಂಚಿನ ಮೇಲೆ ತಲೆ ಆಡಿಸುವ ಉಪಾಯ ಹೇಳಿಕೊಟ್ಟಿದ್ದ ಹುಡುಗಿಯೂ ಅಂದು ಎರಡನೆಯ ಸಲದ ಪರೀಕ್ಷೆಗೆ ಬಂದಿದ್ದಳು. ಅವಳು ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡಳು.

"ನಮ್ಮಿಬ್ಬರನ್ನೂ ಕೂಡಿಸಿದ್ರ ನಿಮಗ ಬೇಕಾದ ಒಬ್ಬ ಚಾಲಕಿ ಆಗ್ತಾಳ್ರಿ" ಎಂದಳು ಫಕೀರವ್ವ. "ಆಕಿ ತಲಿ ಆಡಸ್ಲಿ, ನಾ ವಿಮಾನ ಹಾರಸ್ತೀನಿ."

ಗುಡಗೇರಿ ಅವಳನ್ನು ಪಕ್ಕದ ಕೋಣೆಗೆ ಕರೆದರು. ಕುರ್ಚಿ ತೋರಿಸಿದರು, ಅವಳು ನಿಂತೇ ಇದ್ದಳು. ಅವರು ಕನ್ನಡಕ ತೆಗೆದು ಒರೆಸಿ, ದನಿ ತಗ್ಗಿಸಿ ಹೇಳಿದರು:

"ನೋಡ್ರಿ ತಾಯಿ. ವಿಶೇಷ ಪ್ರಕರಣ ಅಂತ ಒಬ್ಬರನ್ನ ಪಾಸ್ ಮಾಡೂ ಅಧಿಕಾರ ನನಗ ಐತಿ. ಇವತ್ತ ಮಾಡ್ತೀನಿ. ನಾಳಿಗೇ ನಿಮ್ಮ ಮನಿಗೆ ತಂತು ಕೂಡಸ್ತಾರ. ಆ ಹ್ಯಾಟಿ ಕಾಗದ ಮಾತ್ರ ಇಲ್ಲೇ ಕೊಟ್ಟು ಹೋಗ್ರಿ. ಹೊರಗ ಹೋದ್ರ ಮಂಡಳಿ ಮರ್ಯಾದಿ ಉಳಿಯಂಗಿಲ್ಲ."

ಫಕೀರವ್ವ ಹ್ಯಾಟಿಯ ಕಾಗದವನ್ನು ಮಡಚಿದಳು. ನಾಳೆ. ನಿಜವಾದ ಆಕಾಶ. ಕೈಚಾಚಿದರೆ ಮೇಣಿ. ಮಡಚಿದ ಕಾಗದ ಅವಳ ಮುಷ್ಟಿಯಲ್ಲಿತ್ತು. ಬಾಗಿಲ ಸಂದಿಯಿಂದ ಲಾಲಬಿ ಕಾಣುತ್ತಿದ್ದಳು. ಬುಟ್ಟಿಯ ಪಕ್ಕ ಕುಳಿತು ಹ್ಯಾಟಿಗೆ ತನ್ನ ಬುತ್ತಿಯ ಅನ್ನದ ಅಗುಳು ಹಾಕುತ್ತಿದ್ದಳು. ಅವಳ ಕತ್ತೂ ಬಾಗುತ್ತಿರಲಿಲ್ಲ, ಕೈಯಷ್ಟೇ ಕೆಳಗೆ ಹೋಗುತ್ತಿತ್ತು.

"ಅಕಿ ಮೂರು ಸಲ ಮಲಗಿದ್ಲಂತ ಬರದೀರಿ" ಎಂದಳು ಫಕೀರವ್ವ. "ಅಕಿದೇನ್ ಮಾಡ್ತೀರಿ?"

"ಅದು ಮುಗದದ್ದು. ಎಲ್ಲಾರಿಗೂ ಹೆಂಗ ವಿಶೇಷ ಪ್ರಕರಣ ಮಾಡ್ಲಿ?"

"ಹಂಗಾರ ನಂದೂ ಬ್ಯಾಡ್ರಿ."

"ಹುಚ್ಚರಂಗ ಮಾಡಬ್ಯಾಡ್ರಿ. ಇವತ್ತ ಇಲ್ಲಿಂದ ಹೋದ್ರ ಪೆಟ್ಟಿಗೀನೂ ಬಿಚ್ಚಿ ಒಯ್ತಾರ."

"ಒಯ್ಯಲಿ. ನಾ ಏನ್ ವಿಶೇಷ ಅದೀನ್ರಿ? ನಮ್ಮ ಕಡೆ ನೀರು ಹೊತ್ತ, ಇಟಗಿ ಹೊತ್ತ, ಸೊಪ್ಪಿ ಹೊರಿ ಹೊತ್ತ ಪ್ರತಿಯೊಬ್ಬಾಕಿ ಕುತ್ತಿಗೀನೂ ಹಿಂಗ ಐತಿ. ಜಾರೇತಿ ಅಂದ್ರ ನಿಮ್ಮ ಯಂತ್ರ ಜಾರೇತಿ. ನಮ್ಮನ್ನ ಸರಿ ಮಾಡಾಕ ಬರಬ್ಯಾಡ್ರಿ, ಅದನ್ನ ಸರಿ ಮಾಡ್ರಿ. ಅಲ್ಲೀತನಾ ಈ ಕಾಗದ ನಮ್ಮೂರ ಗಿರಣಿ ಗ್ವಾಡಿ ಮ್ಯಾಲ ಇರತೈತಿ. ಬಂದು ಹೋಗೋರೆಲ್ಲಾ ಓದ್ಲಿ."

ಅವಳು ಹೊರಗೆ ಬಂದಳು. ಹ್ಯಾಟಿಯನ್ನು ಬುಟ್ಟಿಗೆ ಹಾಕಿ, ಸಿಂಬಿಯಿಂದ ದೀಪದ ಕಡ್ಡಿ ಬಿಚ್ಚಿ ಮಂಡಳಿಯ ಮೇಜಿನ ಮೇಲಿಟ್ಟು, ಬರಿಯ ಸಿಂಬಿಯನ್ನು ತಲೆಗೆ ಇಟ್ಟುಕೊಂಡಳು. ಲಾಲಬಿ ಬುಟ್ಟಿ ಎತ್ತಿಕೊಟ್ಟಳು. ಇಬ್ಬರೂ ಬಾಗಿಲ ಕಡೆ ನಡೆದರು. ಕೂತಿದ್ದವರು ಕಾಲು ಮಡಚಿ ದಾರಿ ಬಿಟ್ಟರು.

ಗುಡಗೇರಿ ಕೋಣೆಯ ಬಾಗಿಲಲ್ಲಿ ನಿಂತು ಆ ಬೆನ್ನುಗಳನ್ನು ನೋಡಿದರು. ಹೊಸ್ತಿಲ ಮೇಲೆ ಯಾರೋ ಬಿಟ್ಟ ಚಪ್ಪಲಿಗಳಿದ್ದವು, ಪಕ್ಕದಿಂದ ಒಬ್ಬ ಫೈಲು ಹಿಡಿದು ನುಗ್ಗಿ ಬರುತ್ತಿದ್ದ, ಮೇಲೆ ಬಾಗಿಲಿನ ಚೌಕಟ್ಟು ತಗ್ಗಾಗಿತ್ತು. ಫಕೀರವ್ವ ಚಪ್ಪಲಿ ದಾಟಿದಳು, ಫೈಲಿನವನಿಗೆ ಅರ್ಧ ಹೆಜ್ಜೆ ಸರಿದಳು, ಚೌಕಟ್ಟಿಗೆ ಮೊಣಕಾಲು ತಗ್ಗಿಸಿದಳು. ಬುಟ್ಟಿ ಕೂದಲೆಳೆಯಷ್ಟೂ ವಾಲಲಿಲ್ಲ. ಒಂದು ಸಲವೂ ತಲೆ ತಿರುಗಲಿಲ್ಲ. ಎಲ್ಲವನ್ನೂ ನೋಡಿದ್ದಳು.

ಅವರು ಬಹಳ ವರ್ಷ ನಿಜವಾದ ವಿಮಾನ ಹಾರಿಸಿದ್ದವರು. ಅದೇನೆಂದು ಅವರಿಗೆ ಗೊತ್ತಾಯಿತು.

"ಶೈಲಜಾ" ಎಂದರು. ದನಿ ಎಲ್ಲರಿಗೂ ಕೇಳಿಸುವಷ್ಟಿತ್ತು. "ಆ ಬೀಗ ತೆಗೀರಿ. ನಿಧಾನದ ತಿದ್ದುಪಡಿ ಪೂರ್ತಿ ತಗದು ಹಾಕ್ರಿ. ನಾ ಸಹಿ ಮಾಡ್ತೀನಿ. ಮಲಗಿದ್ರು ಅಂತ ಬರಸಿಕೊಂಡವರದೆಲ್ಲಾ ಹೊಳ್ಳಿ ಪರೀಕ್ಷಾ, ಮೊದಲನೇ ಸಲದಿಂದ." ಆಮೇಲೆ ಬಾಗಿಲಿನತ್ತ ಕೂಗಿದರು: "ಫಕೀರವ್ವಾರ, ನಿಂದರ್ರಿ!"

ಬಿಸಿಲಿಗೆ ಒಂದು ಕಾಲಿಟ್ಟಿದ್ದ ಫಕೀರವ್ವ ನಿಂತಳು. ಅವಸರ ಮಾಡಲಿಲ್ಲ. ಪಾದ ತಿರುಗಿತು, ಟೊಂಕ ತಿರುಗಿತು, ಇಡೀ ಮೈ ಕಂಬದಂತೆ ತಿರುಗಿ ಅವರಿಗೆ ಎದುರಾಯಿತು.

"ಕಾಗದ ಮಾತ್ರ ಕೊಡಂಗಿಲ್ರಿ" ಎಂದಳು.

ತಲೆಯ ಮೇಲಿನ ಬುಟ್ಟಿಯ ಮುಚ್ಚಳ ಸರಿಸಿ ಹ್ಯಾಟಿ ಕತ್ತು ಹೊರಗೆ ಹಾಕಿತು. ತೊಂಬತ್ಮೂರು ಅಂಕದ ಎಚ್ಚರದಿಂದ ಅತ್ತ ನೋಡಿತು, ಇತ್ತ ನೋಡಿತು, ಏನೂ ತಿಳಿಯದೆ ಮತ್ತೆ ಒಳಗೆ ಕುಳಿತುಕೊಂಡಿತು.